ರೇಸ್ ನೋಡಲು ಹೊರದೇಶಕ್ಕೆ ಹೊರಟವರು ಮೊದಲು ಬುಕ್ ಮಾಡಬೇಕಾದದ್ದು ಏನು?

ಪುಣೆಯ ನಿಗಡಿಯಲ್ಲಿ ನಾವೊಂದಷ್ಟು ಕನ್ನಡದವರು ಭಾನುವಾರ ಸಂಜೆ ಚಹಾಕ್ಕೆ ಸೇರುತ್ತೇವೆ. ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯವರೇ ಜಾಸ್ತಿ. ಅರ್ಧದಷ್ಟು ಜನ ಚಾಕಣದ ಬೈಕ್ ಕಾರ್ಖಾನೆಗಳಲ್ಲಿ ಇದ್ದಾರೆ. ಉಳಿದವರಲ್ಲಿ ನನ್ನಂಥವರು ಭೋಸರಿಯ ಶೆಡ್‌ಗಳಲ್ಲಿ ಅದೇ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವವರು. ದಶಕಕ್ಕೂ ಹೆಚ್ಚು ಕಾಲದಿಂದ ಕೆಟಿಎಂ ಡ್ಯೂಕ್ ಚಾಕಣದಲ್ಲೇ ತಯಾರಾಗುತ್ತಿದೆ. ಟ್ರಯಂಫ್‌ನ 400 ಸಿಸಿ ಬೈಕುಗಳೂ ಅಲ್ಲೇ ಆಗುತ್ತವೆ. ಅದೇ ಕೆಟಿಎಂ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್ ಮೋಟೋಜಿಪಿಯಲ್ಲಿ ಓಡುತ್ತದೆ. ಅದರ ಕೆಳಗಿನ ಮೋಟೋ2 ವರ್ಗದ ಎಲ್ಲ ಬೈಕುಗಳಿಗೂ 2019ರಿಂದ ಟ್ರಯಂಫ್ ಎಂಜಿನ್. ಹೀಗಾಗಿ ರೇಸ್ ಅಂದರೆ ನಮ್ಮ ಹುಡುಗರಿಗೆ ಮನೆಯ ಮಾತು ಇದ್ದಂತೆ.

ಚಹಾ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಣ್ಣಾ, ಈ ಸಲ ನಾವೂ ಹೋಗೂಣಲ್ಲ? ರೊಕ್ಕ ಎಷ್ಟ್ ಬೇಕಾಗ್ತದ?"

ರೊಕ್ಕದ ಲೆಕ್ಕ ಮುಂದೆ ಹೇಳುತ್ತೇನೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ನೀವು ಹೋಗಬೇಕೆಂದಿರುವ ರೇಸ್‌ಗೆ ಯಾವುದು ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ? ಒಂದೊಂದು ರೇಸ್‌ಗೆ ಒಂದೊಂದು ಕೊರತೆ ಇರುತ್ತದೆ. ಒಂದು ಕಡೆ ಮಲಗಲು ಜಾಗ ಸಿಗಲ್ಲ, ಇನ್ನೊಂದು ಕಡೆ ವೀಸಾದ ತಾರೀಖು ಸಿಗಲ್ಲ, ಮತ್ತೊಂದು ಕಡೆ ಹಡಗಿನಲ್ಲಿ ಜಾಗ ಇರಲ್ಲ. ಆ ಕೊರತೆ ಯಾವುದೆಂದು ಗೊತ್ತಾದರೆ ಅದನ್ನೇ ಮೊದಲು ಹಿಡಿಯಬೇಕು. ಉಳಿದದ್ದು ಅದರ ಹಿಂದೆ ತಾನಾಗಿ ಬರುತ್ತದೆ. ಇದನ್ನು ನಾನು ಕಲಿತದ್ದು ಥಾಯ್ಲೆಂಡಿನ ಸುರಿನ್ ಎಂಬ ಊರಿನಲ್ಲಿ.

ನಾವು ಮೂವರು ಗೆಳೆಯರು ಮೊದಲು ಹೋದದ್ದು ಮಲೇಷ್ಯಾದ ಸೆಪಾಂಗ್‌ಗೆ, 2024ರ ನವೆಂಬರ್‌ನಲ್ಲಿ. ಟ್ರ್ಯಾಕ್ ಇರುವುದು ಕ್ವಾಲಾಲಂಪುರದಿಂದ ದಕ್ಷಿಣಕ್ಕೆ 45-50 ಕಿ.ಮೀ. ದೂರದಲ್ಲಿ, ವಿಮಾನ ನಿಲ್ದಾಣದ ಪಕ್ಕಕ್ಕೇ. ಕ್ವಾಲಾಲಂಪುರ ಮಹಾನಗರ, ಅಲ್ಲಿ ಹೋಟೆಲ್‌ಗೇನು ಬರ? ರೇಸ್‌ಗೆ ಹದಿನೈದು ದಿನ ಇರುವಾಗ ಕೋಣೆ ಹುಡುಕಿದೆವು, ಆರಾಮಾಗಿ ಸಿಕ್ಕಿತು. ಅದೇ ಧೈರ್ಯದಲ್ಲಿ 2025ರ ಮಾರ್ಚ್ 2ಕ್ಕೆ ಥಾಯ್ಲೆಂಡಿನ ಬುರಿರಾಮ್‌ನಲ್ಲಿ ಸೀಸನ್ನಿನ ಮೊದಲ ರೇಸ್ ಎಂದಾಗ ಮೂವರೂ ಕುಣಿದಾಡಿ ವಿಮಾನದ ಟಿಕೆಟ್ ತೆಗೆದೆವು. ರೇಸ್ ಟಿಕೆಟ್ಟೂ ಸಿಕ್ಕಿತು. ಹೋಟೆಲ್ ತಾನೇ, ನೋಡೋಣ ಬಿಡು ಅಂದುಕೊಂಡೆವು. ಜನವರಿ ಕೊನೆಗೆ ಹುಡುಕಿದರೆ ಬುರಿರಾಮ್ ಊರಲ್ಲಿ ನಮ್ಮ ಕೈಗೆಟುಕುವ ಒಂದು ಕೋಣೆಯೂ ಉಳಿದಿರಲಿಲ್ಲ. ಕೊನೆಗೆ ಪಕ್ಕದ ಜಿಲ್ಲೆಯ ಸುರಿನ್‌ನಲ್ಲಿ ಉಳಿದು, ಮೂರು ದಿನವೂ ಬೆಳಿಗ್ಗೆ ರೈಲು, ರಾತ್ರಿ ಬಾಡಿಗೆ ವ್ಯಾನ್ ಎಂದು ಓಡಾಡಿದೆವು. ರೇಸ್ ಮುಗಿದ ರಾತ್ರಿ ಹನ್ನೊಂದಕ್ಕೆ ಕೋಣೆ ಸೇರಿದಾಗ ಬೂಟು ಬಿಚ್ಚುವ ಶಕ್ತಿಯೂ ಯಾರಿಗೂ ಇರಲಿಲ್ಲ.

ಹೀಗೇಕಾಗುತ್ತದೆ? ರೇಸ್ ಟ್ರ್ಯಾಕ್‌ಗೆ ನೂರಾರು ಎಕರೆ ಜಾಗ ಬೇಕು. ಅದರ ಸದ್ದು ತಾಳಿಕೊಳ್ಳುವ ಸುತ್ತಮುತ್ತಲೂ ಬೇಕು. ಹಾಗಾಗಿ ಹೆಚ್ಚಿನ ಟ್ರ್ಯಾಕುಗಳು ದೊಡ್ಡ ನಗರದ ಒಳಗೆ ಇರುವುದಿಲ್ಲ. ಬುರಿರಾಮ್ ಬ್ಯಾಂಕಾಕ್‌ನಿಂದ ಸುಮಾರು 400 ಕಿ.ಮೀ. ಈಶಾನ್ಯಕ್ಕಿರುವ ಸಣ್ಣ ಊರು. ಇಟಲಿಯ ಮುಜೆಲ್ಲೋ ಟ್ರ್ಯಾಕ್ ಇರುವುದು ಸ್ಕಾರ್ಪೆರಿಯಾ ಎಂಬ ಬೆಟ್ಟದೂರಿನಲ್ಲಿ. ಆಸ್ಟ್ರೇಲಿಯಾದ ಫಿಲಿಪ್ ಐಲೆಂಡ್ ಹೆಸರೇ ಹೇಳುವಂತೆ ಒಂದು ಪುಟ್ಟ ದ್ವೀಪ. ಇಂಥ ಊರುಗಳ ಹೋಟೆಲುಗಳು ವರ್ಷದ ಉಳಿದ ದಿನಗಳ ಗಿರಾಕಿಗಳನ್ನು ನೋಡಿ ಕಟ್ಟಿದವು. ಬುರಿರಾಮ್‌ಗೆ 2018ರಲ್ಲಿ ಮೊದಲ ಸಲ ಮೋಟೋಜಿಪಿ ಬಂದಾಗ ಮೂರು ದಿನಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ನಮ್ಮ ಕಡೆ ಜಾತ್ರೆಯ ದಿನ ಊರಿನ ಪ್ರತಿ ಮನೆಯಲ್ಲೂ ನೆಂಟರು ತುಂಬಿ, ಕಟ್ಟೆ ಮೇಲೂ ಜನ ಮಲಗುತ್ತಾರಲ್ಲ, ಅದೇ ಕಥೆ. ಮುಂಬೈ–ಬ್ಯಾಂಕಾಕ್ ವಿಮಾನ ದಿನಕ್ಕೆ ಹಲವು ಇವೆ. ಆದರೆ ಬುರಿರಾಮ್‌ನ ಮಂಚಗಳು ಇದ್ದಷ್ಟೇ.

ಅದಕ್ಕೆ ನನ್ನ ಕ್ರಮ ಈಗ ಹೀಗಿದೆ. ತಾರೀಖು ಗೊತ್ತಾದ ವಾರವೇ, ದುಡ್ಡು ವಾಪಸ್ ಸಿಗುವ ಷರತ್ತಿನಲ್ಲಿ ಕೋಣೆ ಹಿಡಿಯುವುದು. ಆಮೇಲೆ ರೇಸ್ ಟಿಕೆಟ್. ವೀಸಾ ಬೇಕಾದ ದೇಶವಾದರೆ ಆಮೇಲೆ ವೀಸಾ. ವಿಮಾನ ಎಲ್ಲಕ್ಕಿಂತ ಕೊನೆಗೆ.

ತಾರೀಖನ್ನೂ ಪೂರ್ತಿ ನಂಬುವ ಹಾಗಿಲ್ಲ

ಮುಂದಿನ ವರ್ಷದ ಮೋಟೋಜಿಪಿ ಪಟ್ಟಿ ಸಾಮಾನ್ಯವಾಗಿ ಹಿಂದಿನ ವರ್ಷವೇ ಹೊರಬೀಳುತ್ತದೆ. ಆದರೆ ಅದರ ಮೇಲೆ 'ತಾತ್ಕಾಲಿಕ' ಎಂಬ ಪದ ಇರುತ್ತದೆ. ಆ ಪದಕ್ಕೆ ಬೆಲೆ ಇದೆ. 2024 ಒಂದೇ ವರ್ಷ ನೋಡಿ. ಅರ್ಜೆಂಟೀನಾದ ರೇಸ್ ರದ್ದಾಯಿತು. ಪ್ರವಾಹದಿಂದಾಗಿ ಕಝಾಕಸ್ತಾನದ್ದು ಮುಂದಕ್ಕೆ ಹೋಗಿ, ಕೊನೆಗೆ ನಡೆಯಲೇ ಇಲ್ಲ. ನಮ್ಮ ದೇಶದ್ದೂ ಅಷ್ಟೇ. 2023ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ನಡೆದು ಮಾರ್ಕೊ ಬೆಜೆಕ್ಕಿ ಗೆದ್ದಿದ್ದ ಆ ರೇಸ್ 2024ರಲ್ಲಿ ನಡೆಯಲಿಲ್ಲ. ಆ ವರ್ಷದ ಅಕ್ಟೋಬರ್ 29ರಂದು ಸ್ಪೇನ್‌ನ ವೆಲೆನ್ಸಿಯಾದಲ್ಲಿ ಭೀಕರ ಪ್ರವಾಹ ಬಂತು. ಸೀಸನ್ನಿನ ಕೊನೆಯ ರೇಸ್ ಅಲ್ಲಿಂದ ಬಾರ್ಸಿಲೋನಾಕ್ಕೆ ಹೋಯಿತು. ಪ್ರವಾಹಕ್ಕೂ ರೇಸ್‌ಗೂ ನಡುವೆ ಮೂರು ವಾರವೂ ಇರಲಿಲ್ಲ.

ದೂರದ ದೇಶದಿಂದ ಬರುವವರಿಗೆ ಇದರ ಅರ್ಥ ಸರಳ. ರೇಸ್ ಟಿಕೆಟ್ಟಿನ ಹಣ ವ್ಯವಸ್ಥಾಪಕರು ಹಿಂದಿರುಗಿಸಬಹುದು, ಹೋಟೆಲ್ ಮತ್ತು ವಿಮಾನದ ಹಣಕ್ಕೆ ಅವರು ಹೊಣೆ ಅಲ್ಲ. ವಾಪಸ್ ಸಿಗುವ ಕೋಣೆಗೆ ಸ್ವಲ್ಪ ಜಾಸ್ತಿ ಕೊಡಬೇಕಾದರೂ ಕೊಡಿ. ವಿಮಾನದ ಟಿಕೆಟ್ಟಿನಲ್ಲಿ ತಾರೀಖು ಬದಲಿಸುವ ಅವಕಾಶ ಎಷ್ಟಕ್ಕೆ ಸಿಗುತ್ತದೆಂದು ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲ ಹೋಗುವವರು ಹೊಸದಾಗಿ ಪಟ್ಟಿಗೆ ಸೇರಿದ ಟ್ರ್ಯಾಕ್ ಬಿಟ್ಟು, ವರ್ಷಾನುಗಟ್ಟಲೆ ರೇಸ್ ನಡೆಸಿ ಪಳಗಿದ ಟ್ರ್ಯಾಕ್ ಆರಿಸಿಕೊಳ್ಳುವುದು ಒಳ್ಳೆಯದು. ಸೆಪಾಂಗ್ 1999ರಿಂದ ಇದೆ. ನೆದರ್ಲೆಂಡ್ಸ್‌ನ ಅಸೆನ್ ಸುತ್ತಮುತ್ತ 1925ರಿಂದ ರೇಸ್ ನಡೆಯುತ್ತಿದೆ. ಅಲ್ಲಿನ ಬಸ್ಸು, ಪಾರ್ಕಿಂಗ್, ದಾರಿ ಎಲ್ಲ ಊರಿಗೇ ಬಾಯಿಪಾಠ.

ವೀಸಾ ನೋಡಿ ರೇಸ್ ಆರಿಸಿ

ನಮ್ಮ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಡುವವರಿಗೆ ರೇಸುಗಳು ತಾವಾಗಿಯೇ ಎರಡು ಗುಂಪಾಗುತ್ತವೆ. ಎರಡು ತಿಂಗಳಲ್ಲಿ ತಯಾರಾಗಬಹುದಾದವು ಒಂದು ಗುಂಪು. ಆರೇಳು ತಿಂಗಳು ಬೇಕಾದವು ಇನ್ನೊಂದು.

ಮೊದಲ ಗುಂಪಿನಲ್ಲಿ ಮಲೇಷ್ಯಾ, ಥಾಯ್ಲೆಂಡ್, ಇಂಡೋನೇಷ್ಯಾ ಇವೆ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಬರಲು ಬಿಟ್ಟಿದೆ. ತಲುಪುವ ದಿನಕ್ಕೆ ಮುಂಚಿನ ಮೂರು ದಿನದ ಒಳಗೆ ಅವರ ಡಿಜಿಟಲ್ ಆಗಮನ ಚೀಟಿ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ಥಾಯ್ಲೆಂಡಿಗೆ ನಾವು ಹೋದಾಗಲೂ ವೀಸಾ ಬೇಕಿರಲಿಲ್ಲ. 2025ರ ಮೇ 1ರಿಂದ ಅವರೂ ಆನ್‌ಲೈನ್ ಆಗಮನ ಚೀಟಿ ಕಡ್ಡಾಯ ಮಾಡಿದ್ದಾರೆ. ಇಂಡೋನೇಷ್ಯಾದ ಮಂಡಾಲಿಕಾಕ್ಕೆ ಹೋಗುವವರು 5 ಲಕ್ಷ ರುಪಿಯಾ ಕಟ್ಟಿ ಆನ್‌ಲೈನ್‌ನಲ್ಲೇ ಆಗಮನ ವೀಸಾ ಪಡೆಯಬಹುದು. ಐದು ಲಕ್ಷ ಎಂದು ಗಾಬರಿಯಾಗಬೇಡಿ, ನಮ್ಮ ಲೆಕ್ಕದಲ್ಲಿ ಕೆಲವೇ ಸಾವಿರ. ಇಂಥ ಸಡಿಲಿಕೆಗಳು ಆಗಾಗ ಬದಲಾಗುತ್ತವೆ. ಕೋಣೆ ಹಿಡಿಯುವ ದಿನ ಒಮ್ಮೆ, ವಿಮಾನ ಟಿಕೆಟ್ ತೆಗೆಯುವ ದಿನ ಇನ್ನೊಮ್ಮೆ ಆಯಾ ದೇಶದ ಸರ್ಕಾರಿ ಜಾಲತಾಣ ನೋಡಿಕೊಳ್ಳಿ.

ಎರಡನೇ ಗುಂಪು ಯುರೋಪಿನದು. ಸ್ಪೇನ್‌ನ ಹೆರೆಸ್, ಇಟಲಿಯ ಮುಜೆಲ್ಲೋ, ನೆದರ್ಲೆಂಡ್ಸ್‌ನ ಅಸೆನ್ ಎಲ್ಲದಕ್ಕೂ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು. ಈ ಗಡುವನ್ನು ಯಾರೂ ನಂಬಿ ಕೂರಬಾರದು. ಅರ್ಜಿ ನೋಡಲು ಅವರಿಗೆ ಮಾಮೂಲಿಯಾಗಿ ಹಿಡಿಯುವುದೇ 15 ದಿನ. ಜೊತೆಗೆ ಅರ್ಜಿ ಕೊಡಲು ಮೊದಲು ಅಪಾಯಿಂಟ್‌ಮೆಂಟ್ ಸಿಗಬೇಕಲ್ಲ? ಮುಜೆಲ್ಲೋ ರೇಸ್ ಬರುವುದು ಮೇ ಕೊನೆ ಅಥವಾ ಜೂನ್‌ನಲ್ಲಿ. ಅದು ನಮ್ಮಲ್ಲಿ ಶಾಲೆಗಳ ಬೇಸಿಗೆ ರಜೆಯ ಆಸುಪಾಸು. ಮುಂಬೈ ಪುಣೆಯ ಅರ್ಧ ಮಂದಿ ಸ್ವಿಟ್ಜರ್ಲೆಂಡ್‌ಗೆ ಹೊರಟಿರುವ ಕಾಲ. ಮುಜೆಲ್ಲೋಗೆ ನಿಜವಾದ ಕೊರತೆ ಇದು. ಫೆಬ್ರವರಿಯಲ್ಲೇ ಅಪಾಯಿಂಟ್‌ಮೆಂಟ್ ಹಿಡಿದರೆ ಜೀವ ಹಗುರ. ನನ್ನ ಗೆಳೆಯನೊಬ್ಬ ರೇಸ್‌ಗೆ ಮೂರು ವಾರ ಇರುವಾಗ ಅರ್ಜಿ ಕೊಟ್ಟ. ವೀಸಾ ಬಂತು, ಆದರೆ ಪಾಸ್‌ಪೋರ್ಟ್ ಕೈಗೆ ಬಂದದ್ದು ವಿಮಾನ ಹಾರಿದ ಮರುದಿನ. ರೇಸನ್ನು ಅವನು ಚಿಂಚವಡದ ಮನೆಯಲ್ಲಿ ಟಿವಿಯಲ್ಲೇ ನೋಡಿದ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಯಾವ ರಾಜ್ಯದಲ್ಲಿ ವಾಸವಿದ್ದೀರೋ ಅದರ ಮೇಲೆ ಯಾವ ದೂತಾವಾಸಕ್ಕೆ ಅರ್ಜಿ ಎಂದು ತೀರ್ಮಾನವಾಗುತ್ತದೆ. ಕೆಲವು ದೇಶಗಳಿಗೆ ಕರ್ನಾಟಕದವರು ಬೆಂಗಳೂರಿಗೆ, ಮಹಾರಾಷ್ಟ್ರ ಮತ್ತು ಗೋವಾದವರು ಮುಂಬೈಗೆ. ಪಾಸ್‌ಪೋರ್ಟ್‌ನಲ್ಲಿ ಸಿಂದಗಿಯ ಮನೆ, ನೀವಿರುವುದು ಪಿಂಪ್ರಿಯಲ್ಲಿ ಎಂದಾದರೆ ಬಾಡಿಗೆ ಕರಾರು, ಕರೆಂಟ್ ಬಿಲ್ ಅಥವಾ ಕಂಪನಿಯ ಪತ್ರ ತೋರಿಸಬೇಕಾಗುತ್ತದೆ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು, ಅದು ಮುಗಿದಿದೆಯಾ ಎಂದು ಈಗಲೇ ನೋಡಿಕೊಳ್ಳಿ. ಬ್ಯಾಂಕ್ ಲೆಕ್ಕ, ಸಂಬಳದ ಚೀಟಿ, ಐಟಿಆರ್, ರಜೆ ಮಂಜೂರಾದ ಪತ್ರ, 30,000 ಯುರೋ ಮೊತ್ತದ ಆರೋಗ್ಯ ವಿಮೆ ಬೇಕು. ವೀಸಾ ಶುಲ್ಕ 2024ರ ಜೂನ್‌ನಿಂದ 90 ಯುರೋ. ಪಾಸ್‌ಪೋರ್ಟ್ ವಾಪಸಾಗುವ ದಿನದ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ನಾಲ್ಕು ದೇಶ ಸುತ್ತುವ ಯೋಚನೆ ಇದ್ದರೆ ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೇ ಅರ್ಜಿ. ಜಾಸ್ತಿ ಸಲೀಸು ಎಂದು ಬೇರೆ ದೇಶಕ್ಕೆ ಹಾಕಬೇಡಿ.

ಪತ್ರದಲ್ಲಿ 'ರೇಸ್ ನೋಡಲು ಹೋಗುತ್ತಿದ್ದೇನೆ' ಎಂದೇ ಬರೆಯಿರಿ. ರೇಸ್ ಟಿಕೆಟ್ಟಿನ ಪ್ರತಿ ಲಗತ್ತಿಸಿ. ಯಾಕೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂಬುದಕ್ಕೆ ಅದಕ್ಕಿಂತ ನೇರವಾದ ಉತ್ತರ ಇಲ್ಲ.

ಎಲ್ಲಿ ಕೂರಬೇಕು

ಎಲ್ಲರಿಗೂ ಮೊದಲು ಕಣ್ಣು ಹೋಗುವುದು ಉದ್ದನೆಯ ನೇರ ರಸ್ತೆಯ ಮುಂದಿನ ಸೀಟಿಗೆ. ವೇಗ ನೋಡಬೇಕು ಅಲ್ವಾ? ವೇಗ ನಿಜವಾಗಿಯೂ ಮೈ ನಡುಗಿಸುತ್ತದೆ. ಮುಜೆಲ್ಲೋದಲ್ಲಿ 2023ರಲ್ಲಿ ಬ್ರ್ಯಾಡ್ ಬೈಂಡರ್ ಕೆಟಿಎಂ ಮೇಲೆ 366.1 ಕಿ.ಮೀ. ಮುಟ್ಟಿದ್ದಾನೆ. ಆದರೆ ಒಂದು ಲೆಕ್ಕ ಹಾಕಿ. 330ರ ವೇಗ ಎಂದರೆ ಸೆಕೆಂಡಿಗೆ 92 ಮೀಟರ್ ಹತ್ತಿರ. ನಿಮ್ಮ ಸೀಟಿನಿಂದ 200 ಮೀಟರ್ ರಸ್ತೆ ಕಾಣುತ್ತದೆ ಎಂದುಕೊಳ್ಳಿ. ಒಬ್ಬ ಸವಾರ ನಿಮ್ಮ ಕಣ್ಣೆದುರು ಇರುವುದು ಎರಡು ಸೆಕೆಂಡ್ ಚಿಲ್ಲರೆ. 20 ಸುತ್ತಿಗೆ ಮುಕ್ಕಾಲು ನಿಮಿಷವೂ ಆಗಲ್ಲ. ಅದೇ 200 ಮೀಟರ್ ಒಂದು ಬಿಗಿ ತಿರುವಿನದಾಗಿದ್ದರೆ? ಬ್ರೇಕ್ ಹಿಡಿದು, ಮಲಗಿಸಿ, ಎತ್ತಿಕೊಂಡು ಹೊರಡುವುದರೊಳಗೆ ಸರಾಸರಿ 100ರ ವೇಗ ಇದ್ದರೂ ಏಳು ಸೆಕೆಂಡ್ ಸಿಗುತ್ತದೆ. 20 ಸುತ್ತಿಗೆ ಎರಡು ನಿಮಿಷಕ್ಕೂ ಜಾಸ್ತಿ. ಹಿಂದಿಕ್ಕುವ ಆಟವೂ ಅಲ್ಲೇ ನಡೆಯುತ್ತದೆ.

ಸೆಪಾಂಗ್‌ನಲ್ಲಿ ಒಂದು ಸುತ್ತು 5.543 ಕಿ.ಮೀ., 15 ತಿರುವು. ಎರಡು ಉದ್ದನೆಯ ನೇರ ರಸ್ತೆಗಳು ಪಕ್ಕಪಕ್ಕಕ್ಕೇ ಇವೆ, ನಡುವೆ ದೊಡ್ಡ ಗ್ಯಾಲರಿ. ಎರಡನ್ನೂ ಕೂಡಿಸುವುದೇ ಕೊನೆಯ, 15ನೇ ತಿರುವು. ಕೂದಲ ಪಿನ್ನಿನ ಹಾಗೆ ಬಗ್ಗಿದೆ. 300 ದಾಟಿದ ವೇಗದಲ್ಲಿ ಬಂದ ಬೈಕುಗಳು ಅಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಅಲುಗಾಡುವಷ್ಟು ಬ್ರೇಕ್ ಹಿಡಿಯುತ್ತವೆ. ನಾವು ಕೂತದ್ದು ಅದರ ಆಸುಪಾಸಿನಲ್ಲಿ. ಟಿವಿಯಲ್ಲಿ ಎಂದೂ ಗೊತ್ತಾಗದ್ದೊಂದು ಅಲ್ಲಿ ಗೊತ್ತಾಯಿತು: ಬ್ರೇಕ್ ಹಿಡಿದಾಗ ಪ್ರತಿ ಕಂಪನಿಯ ಬೈಕೂ ಬೇರೆಬೇರೆಯಾಗಿ ಗುಡುಗುತ್ತದೆ. ಮೂರನೇ ದಿನಕ್ಕೆ ನನ್ನ ಗೆಳೆಯ ಕಣ್ಣು ಮುಚ್ಚಿಕೊಂಡೇ ಡುಕಾಟಿ, ಯಮಾಹಾ ಎಂದು ಹೇಳುತ್ತಿದ್ದ.

ಇನ್ನೊಂದು ವಿಷಯವನ್ನು ಟಿಕೆಟ್ ತೆಗೆಯುವಾಗ ಯಾರೂ ಯೋಚಿಸುವುದಿಲ್ಲ. ನಿಮ್ಮ ಸೀಟಿನಿಂದ ದೊಡ್ಡ ಪರದೆ ಕಾಣುತ್ತದೆಯಾ? ಬುರಿರಾಮ್ ರೇಸ್‌ನಲ್ಲಿ ಮುಂದಿದ್ದ ಮಾರ್ಕ್ ಮಾರ್ಕೆಸ್ 7ನೇ ಸುತ್ತಿನಲ್ಲಿ ಇದ್ದಕ್ಕಿದ್ದಂತೆ ವೇಗ ತಗ್ಗಿಸಿ ತಮ್ಮ ಅಲೆಕ್ಸ್‌ಗೆ ದಾರಿ ಬಿಟ್ಟ. ನಮ್ಮ ಗ್ಯಾಲರಿಯಲ್ಲಿ ಎಲ್ಲರೂ ಎದ್ದು ನಿಂತರು. ಬೈಕ್ ಕೆಟ್ಟಿತಾ? ಆಮೇಲೆ ಸುತ್ತು ಸುತ್ತಿಗೂ ತಮ್ಮನ ಬೆನ್ನಿಗೇ ಅಂಟಿಕೊಂಡು ಓಡಿದ, ಹಿಂದಿಕ್ಕಲಿಲ್ಲ. ಕಾರಣ ಟೈರ್ ಒತ್ತಡ. ಮುಂದಿನ ಟೈರಿನ ಗಾಳಿ ನಿಯಮ ಹೇಳಿದ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಓಡಿದರೆ ದಂಡವಾಗಿ ಸಮಯ ಸೇರಿಸುತ್ತಾರೆ. ಇನ್ನೊಂದು ಬೈಕಿನ ಬಿಸಿಗಾಳಿಯಲ್ಲಿ ಓಡಿದರೆ ಟೈರ್ ಬಿಸಿಯಾಗಿ ಒತ್ತಡ ಏರುತ್ತದೆ. ಅದಕ್ಕೇ ಅವನು ಬೇಕೆಂದೇ ಹಿಂದೆ ಉಳಿದು, ಕೊನೆಗೆ ಮೂರು ಸುತ್ತಿರುವಾಗ ಮುಂದೆ ಬಂದು ಗೆದ್ದ. ಇದು ನಮಗೆ ಗೊತ್ತಾದದ್ದು ಎದುರಿಗಿದ್ದ ಪರದೆ ಮತ್ತು ಫೋನಿನಲ್ಲಿದ್ದ ಸುತ್ತುಗಳ ಲೆಕ್ಕದಿಂದ. ಪರದೆ ಇಲ್ಲದ ಕಡೆ ಕೂತಿದ್ದರೆ ಆ ವರ್ಷದ ಅತ್ಯಂತ ಜಾಣ ಓಟವೊಂದು ಕಣ್ಣೆದುರೇ ನಡೆದೂ ಅರ್ಥವಾಗುತ್ತಿರಲಿಲ್ಲ.

ಟಿಕೆಟ್ ಮೂರು ದಿನದ್ದೇ ತೆಗೆಯಿರಿ. ಶುಕ್ರವಾರ ಅಭ್ಯಾಸ. ಶನಿವಾರ ಅರ್ಹತಾ ಸುತ್ತು, ಮಧ್ಯಾಹ್ನ ಸ್ಪ್ರಿಂಟ್. ಈ ಸ್ಪ್ರಿಂಟ್ 2023ರಿಂದ ಬಂದದ್ದು, ಮುಖ್ಯ ರೇಸಿನ ಅರ್ಧ ದೂರ. ಭಾನುವಾರ ಮೊದಲು ಕೆಳಗಿನ ವರ್ಗಗಳಾದ ಮೋಟೋ3, ಮೋಟೋ2, ಕೊನೆಗೆ ಮೋಟೋಜಿಪಿ. ಶುಕ್ರವಾರ ಜನ ಕಡಿಮೆ. ಅಂದು ಟ್ರ್ಯಾಕ್ ಸುತ್ತ ನಡೆದಾಡಿ, ಹುಲ್ಲಿನ ದಿಬ್ಬಗಳಿಂದ ಬೇರೆಬೇರೆ ತಿರುವು ನೋಡಬಹುದು. ರೇಸ್‌ಗೆ ಹೋಗಿ ಬಂದವರು ಹೆಚ್ಚಾಗಿ ನೆನೆಯುವುದು ಆ ಶುಕ್ರವಾರವನ್ನೇ.

ಸವಾರರನ್ನು ಹತ್ತಿರದಿಂದ ನೋಡುವ ಆಸೆ ಇದ್ದರೆ ವರ್ಲ್ಡ್ ಸೂಪರ್‌ಬೈಕ್ ರೇಸ್‌ಗೆ ಹೋಗಿ. ಟಿಕೆಟ್ ಅಗ್ಗ, ತಂಡಗಳಿರುವ ಪ್ಯಾಡಕ್‌ಗೆ ಅಭಿಮಾನಿಗಳನ್ನು ಬಿಡುತ್ತಾರೆ, ಒಂದೇ ವಾರಾಂತ್ಯಕ್ಕೆ ಮೂರು ರೇಸ್. ಇನ್ನೂ ಕಡಿಮೆ ಖರ್ಚಿನಲ್ಲಿ ಆಗಬೇಕೆಂದರೆ ಏಷ್ಯಾ ರೋಡ್ ರೇಸಿಂಗ್ ಚಾಂಪಿಯನ್‌ಶಿಪ್ ಇದೆ. ಸೆಪಾಂಗ್, ಬುರಿರಾಮ್ ಎರಡರಲ್ಲೂ ನಡೆಯುತ್ತದೆ. ನಮ್ಮ ದೇಶದ ಹುಡುಗರು ಅದರಲ್ಲಿ ಓಡುತ್ತಾರೆ. ಟಿವಿಎಸ್‌ನ ಏಷ್ಯಾ ಒನ್ ಮೇಕ್ ರೇಸ್ 2022ರಿಂದ ಅದರ ಜೊತೆಗೇ ನಡೆಯುತ್ತಿದೆ. ನಮ್ಮ ಹೊಸೂರಿನ ಕಂಪನಿಯ ಬೈಕನ್ನು ಪರದೇಶದ ಟ್ರ್ಯಾಕ್ ಮೇಲೆ ನೋಡುವ ಖುಷಿಯೇ ಬೇರೆ.

ಐಲ್ ಆಫ್ ಮ್ಯಾನ್: ಇದರ ಲೆಕ್ಕವೇ ಬೇರೆ

ಮೇ ಕೊನೆಯಿಂದ ಜೂನ್ ಮೊದಲವರೆಗೆ, ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಈ ದ್ವೀಪದಲ್ಲಿ ಟಿಟಿ, ಅಂದರೆ ಟೂರಿಸ್ಟ್ ಟ್ರೋಫಿ ಬೈಕ್ ರೇಸ್ ನಡೆಯುತ್ತದೆ. 1907ರಿಂದ ಬಂದ ಪದ್ಧತಿ. ಟ್ರ್ಯಾಕ್ ಎಂಬುದಿಲ್ಲ. ಊರೂರು ದಾಟುವ ಮಾಮೂಲಿ ರಸ್ತೆಯೇ ಟ್ರ್ಯಾಕ್. ಒಂದು ಸುತ್ತಿಗೆ 60 ಕಿ.ಮೀ. ಚಿಲ್ಲರೆ, ಇನ್ನೂರಕ್ಕೂ ಹೆಚ್ಚು ತಿರುವು. 2023ರಲ್ಲಿ ಪೀಟರ್ ಹಿಕ್‌ಮನ್ ಈ ರಸ್ತೆಯನ್ನು ಸರಾಸರಿ 219 ಕಿ.ಮೀ. ವೇಗದಲ್ಲಿ ಸುತ್ತಿದ. ಸುಮಾರು 16 ನಿಮಿಷ 36 ಸೆಕೆಂಡ್. ಅಂದರೆ ಒಬ್ಬ ಸವಾರ ನಿಮ್ಮೆದುರು ಬಂದು ಹೋದರೆ ಮತ್ತೆ ಕಾಣುವುದು ಹದಿನಾರು ಹದಿನೇಳು ನಿಮಿಷದ ಮೇಲೆ. ಆದರೂ ಬೇಸರ ಬರುವುದಿಲ್ಲ. ಸವಾರರನ್ನು 10 ಸೆಕೆಂಡಿಗೆ ಒಬ್ಬರಂತೆ ಬಿಡುತ್ತಾರೆ, ಒಬ್ಬರ ಹಿಂದೊಬ್ಬರು ಬರುತ್ತಲೇ ಇರುತ್ತಾರೆ. ಯಾರದ್ದೋ ಮನೆಯ ಹಿತ್ತಲ ಗೋಡೆಯ ಮೇಲೆ ನೀವು ಕೂತಿರುತ್ತೀರಿ, ನಾಲ್ಕೈದು ಮಾರು ದೂರದಲ್ಲಿ ಬೈಕ್ ಹಾದುಹೋಗುತ್ತದೆ. ಎಷ್ಟೋ ಜಾಗಗಳಲ್ಲಿ ನೋಡಲು ಟಿಕೆಟ್ಟೇ ಬೇಡ.

ಹಾಗಾದರೆ ಕೊರತೆ ಯಾವುದು? ದ್ವೀಪದ ಜನಸಂಖ್ಯೆ 85 ಸಾವಿರದ ಆಸುಪಾಸು. ಟಿಟಿಗೆ ಹೊರಗಿನಿಂದ ಬರುವವರು 40 ಸಾವಿರಕ್ಕೂ ಮೇಲೆ. ಇಂಗ್ಲೆಂಡ್‌ನ ಹೀಶಮ್ ಮತ್ತು ಲಿವರ್‌ಪೂಲ್‌ನಿಂದ ದ್ವೀಪದ ಡಗ್ಲಸ್‌ಗೆ ಹೋಗುವ ಹಡಗುಗಳು ತಿಂಗಳುಗಟ್ಟಲೆ ಮೊದಲೇ ತುಂಬುತ್ತವೆ, ಬೈಕ್ ಅಥವಾ ಕಾರಿನ ಜಾಗವಂತೂ ಇನ್ನೂ ಬೇಗ. ನಾವು ಬೈಕ್ ಇಲ್ಲದೆ ಕಾಲ್ನಡಿಗೆಯಲ್ಲಿ ಹೋಗುವವರು, ನಮಗೆ ಅದೊಂದು ಅನುಕೂಲ. ವಿಮಾನವೂ ಇದೆ. ಹೋಟೆಲ್ ಸಾಲದ್ದಕ್ಕೆ ಅಲ್ಲಿನ ಜನ ತಮ್ಮ ಮನೆಯ ಕೋಣೆಗಳನ್ನೇ ಟಿಟಿ ಸಮಯದಲ್ಲಿ ಬಾಡಿಗೆಗೆ ಕೊಡುತ್ತಾರೆ. ಅದಕ್ಕೆ ಸರ್ಕಾರದ ಒಪ್ಪಿಗೆಯ ವ್ಯವಸ್ಥೆಯೂ ಇದೆ. ಬ್ರಿಟನ್ ವೀಸಾ ಇದ್ದರೆ ಐಲ್ ಆಫ್ ಮ್ಯಾನ್‌ಗೂ ನಡೆಯುತ್ತದೆ. ಆದರೆ ಆ ವೀಸಾಕ್ಕೆ ಅರ್ಜಿ ಹಾಕಲು ಆಗುವುದೇ ಪ್ರಯಾಣಕ್ಕೆ ಮೂರು ತಿಂಗಳು ಇರುವಾಗ. ಹಡಗು ಹಿಂದಿನ ವರ್ಷ, ವೀಸಾ ಮಾರ್ಚ್‌ನಲ್ಲಿ. ಹಾಗಾಗಿ ವೀಸಾ ಸಿಗುವ ಮೊದಲೇ ಹಡಗಿಗೆ ದುಡ್ಡು ಕಟ್ಟುವ ಧೈರ್ಯ ಬೇಕು.

ಹವಾಮಾನಕ್ಕೆ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ. ಬೆಟ್ಟದ ಮೇಲೆ ಮಂಜು ಕವಿದರೆ ಅಥವಾ ಗಾಳಿ ಜೋರಾದರೆ ರೇಸ್ ಮುಂದಕ್ಕೆ ಹೋಗುತ್ತದೆ. 2025ರಲ್ಲಿ ದೊಡ್ಡ ರೇಸ್ ಸೀನಿಯರ್ ಟಿಟಿಯೇ ರದ್ದಾಯಿತು. ಇನ್ನೊಂದು ಮಾತು. ಈ ರಸ್ತೆಯಲ್ಲಿ ಇಲ್ಲಿಯವರೆಗೆ 250ಕ್ಕೂ ಹೆಚ್ಚು ಸವಾರರು ಜೀವ ಕಳೆದುಕೊಂಡಿದ್ದಾರೆ. ಅದನ್ನು ತಿಳಿದೇ ಹೋಗಬೇಕು. ರಸ್ತೆ ಬಂದ್ ಆದಮೇಲೆ ದಾಟಬೇಡಿ, ಮಾರ್ಷಲ್ ಕೂರಬೇಡಿ ಎಂದ ಕಡೆ ಕೂರಬೇಡಿ. ಒಳ್ಳೆಯ ಜಾಗಕ್ಕೆ ರಸ್ತೆ ಬಂದ್ ಆಗುವ ಮೊದಲೇ ಸೇರಿಕೊಂಡು, ಬುತ್ತಿ ಕಟ್ಟಿಕೊಂಡು, ಸಂಜೆವರೆಗೆ ಅಲ್ಲೇ ಇರುವ ತಯಾರಿಯಲ್ಲಿ ಹೋಗಿ.

ರೊಕ್ಕ, ರಜೆ, ದಾರಿ

ಸೆಪಾಂಗ್‌ಗೆ 2024ರಲ್ಲಿ ನನಗೆ ಒಟ್ಟು 64 ಸಾವಿರ ಆಯಿತು. ವಿಮಾನಕ್ಕೇ ಅದರಲ್ಲಿ ಅರ್ಧ ಹೋಯಿತು, ಕಾರಣ ಅದು ದೀಪಾವಳಿ ವಾರ. ಆ ರೇಸ್ ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲಿಗೆ ಬರುತ್ತದೆ. ಪಂಚಾಂಗವನ್ನೂ ರೇಸ್ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ವಾರ ಬಿದ್ದರೆ ವಿಮಾನವನ್ನು ಬೇಗ ತೆಗೆಯಬೇಕಾಗುತ್ತದೆ. ಯುರೋಪಿನ ರೇಸ್‌ಗೆ ವಾರದ ಮಟ್ಟಿಗೆ ಒಬ್ಬರಿಗೆ ಒಂದೂವರೆಯಿಂದ ಎರಡೂವರೆ ಲಕ್ಷ ಇಟ್ಟುಕೊಳ್ಳಿ. ಏಜೆಂಟರಿಂದ ಪೂರ್ತಿ ಪ್ಯಾಕೇಜ್ ಕೊಂಡರೆ ಟಿಸಿಎಸ್ ಎಂದು ಒಂದಷ್ಟು ತೆರಿಗೆ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ, ಐಟಿಆರ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ರಸೀದಿ ಜೋಪಾನ. ಕಾರ್ಡ್ ಉಜ್ಜುವಾಗ ಯಂತ್ರ 'ರೂಪಾಯಿಯಲ್ಲಾ, ರಿಂಗಿಟ್‌ನಲ್ಲಾ' ಎಂದು ಕೇಳಿದರೆ ಆ ದೇಶದ ಹಣವನ್ನೇ ಆರಿಸಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ.

ಪುಣೆಯಿಂದ ಹೊರಡುವವರು ಹೆಚ್ಚಾಗಿ ಮುಂಬೈಗೇ ಹೋಗಬೇಕು. ವಿಮಾನ ನಡುರಾತ್ರಿ ಇದ್ದರೆ ಘಾಟಿಯ ಟ್ರಾಫಿಕ್ ನಂಬಿ ಸಂಜೆ ಹೊರಡಬೇಡಿ. ನಾನು ಹಿಂದಿನ ದಿನವೇ ಡೊಂಬಿವಲಿಯ ಅಕ್ಕನ ಮನೆಗೆ ಹೋಗಿಬಿಡುತ್ತೇನೆ. ಭಾವನೇ ವಿಮಾನ ನಿಲ್ದಾಣಕ್ಕೆ ಬಿಡುತ್ತಾರೆ. ವಾಪಸ್ ಬರುವ ವಿಮಾನ ಮಾತ್ರ ಭಾನುವಾರ ರಾತ್ರಿಯದು ಬೇಡವೇ ಬೇಡ. ಸೆಪಾಂಗ್‌ನಲ್ಲಿ ಆ ವರ್ಷ ಮೊದಲ ಸುತ್ತಿನಲ್ಲೇ ಮೂವರು ಡಿಕ್ಕಿಯಾಗಿ ಕೆಂಪು ಬಾವುಟ ಬಂತು. ಬಿದ್ದವರಿಗೆ ಏನಾಯಿತೋ ಎಂದು ಸಾವಿರಾರು ಜನ ಉಸಿರು ಬಿಗಿಹಿಡಿದು ಕೂತಿದ್ದೆವು. ಅವರಲ್ಲೊಬ್ಬನಾದ ಜ್ಯಾಕ್ ಮಿಲ್ಲರ್‌ಗೆ ದೊಡ್ಡ ಪೆಟ್ಟಾಗಿಲ್ಲವೆಂದು ತಿಳಿದ ಮೇಲೇ ಗ್ಯಾಲರಿಯಲ್ಲಿ ಮಾತು ಶುರುವಾಯಿತು. ರೇಸ್ ಮತ್ತೆ 19 ಸುತ್ತಿಗೆ ಶುರುವಾಗುವಷ್ಟರಲ್ಲಿ ಹೊತ್ತಾಗಿತ್ತು. ನಮ್ಮ ಪಕ್ಕದಲ್ಲಿದ್ದ ಇಬ್ಬರು ಅದೇ ರಾತ್ರಿಯ ವಿಮಾನಕ್ಕೆಂದು ಕೊನೆಯ ಸುತ್ತುಗಳನ್ನು ಬಿಟ್ಟು ಎದ್ದು ಓಡಬೇಕಾಯಿತು.

ಅಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಇದ್ದರೆ ಆರ್‌ಟಿಓದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ. ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ ಪ್ರವಾಸ ವಿಮೆಯವರು ಕೈ ಎತ್ತುತ್ತಾರೆ.

ಕಿವಿಗೆ ಫೋಮ್ ಬಿರಡೆ ಮರೆಯಬೇಡಿ. ಮಕ್ಕಳಿದ್ದರೆ ದಪ್ಪನೆಯ ಇಯರ್‌ಮಫ್. ಸೆಪಾಂಗ್‌ನಲ್ಲಿ ಮಧ್ಯಾಹ್ನದ ಮಳೆ ಹೇಳಿ ಕೇಳಿ ಬರಲ್ಲ, ಕೊಡೆ ಹಿಡಿದರೆ ಹಿಂದಿನವರಿಗೆ ಕಾಣಲ್ಲ, ತೆಳ್ಳನೆಯ ರೇನ್‌ಕೋಟ್ ಇರಲಿ. ಊಟಕ್ಕೆ ನಮಗೆ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಇದ್ದರೆ ನಾಲ್ಕು ದಿನ ನಿಶ್ಚಿಂತೆ. ಆಸ್ಟ್ರೇಲಿಯಾಕ್ಕೆ ಮಾತ್ರ ತಿಂಡಿ ಒಯ್ದರೆ ಇಳಿದ ಕೂಡಲೇ ಫಾರ್ಮ್‌ನಲ್ಲಿ ಬರೆದು ತೋರಿಸಬೇಕು, ಬಚ್ಚಿಟ್ಟರೆ ದೊಡ್ಡ ದಂಡ. ಬುರಿರಾಮ್‌ಗೆ ಹೋದವರು ಒಂದು ದಿನ ಜಾಸ್ತಿ ಉಳಿದು ಫನೋಮ್ ರುಂಗ್ ನೋಡಿ. ಆರಿಹೋದ ಜ್ವಾಲಾಮುಖಿಯ ನೆತ್ತಿಯ ಮೇಲೆ ಖ್ಮೇರ್ ರಾಜರು ಕಟ್ಟಿಸಿದ ಗುಲಾಬಿ ಕಲ್ಲಿನ ಶಿವನ ಗುಡಿ. ಬಾದಾಮಿ, ಪಟ್ಟದಕಲ್ಲು ನೋಡಿ ಬೆಳೆದ ನಮ್ಮ ಕಣ್ಣಿಗೆ ಅಲ್ಲಿನ ಬಾಗಿಲವಾಡದ ನಟರಾಜ ಕೂಡಲೇ ಗುರುತು ಸಿಕ್ಕ.

ಸೆಪಾಂಗ್‌ನಲ್ಲಿ ಅಂದು ಮಾರ್ಟಿನ್ ಮತ್ತು ಬನ್ಯಾಯಾ ಮೊದಲ ಕೆಲವು ಸುತ್ತು ಒಬ್ಬರನ್ನೊಬ್ಬರು ತಿರುವು ತಿರುವಿಗೂ ಹಿಂದಿಕ್ಕಿದರು. ಕೊನೆಗೆ ಬನ್ಯಾಯಾ ಗೆದ್ದ. ಬಾವುಟ ಬಿದ್ದದ್ದೇ ತಡ, ಇಡೀ ಗ್ಯಾಲರಿ ಬಸ್ಸಿನ ಕಡೆ ಓಡಿತು. ನಾವು ಓಡಲಿಲ್ಲ. ಎರಡು ದಿನದ ಹಿಂದೆ ರಾಜ್ಯೋತ್ಸವಕ್ಕೆಂದು ಹೊದ್ದುಕೊಂಡಿದ್ದ ಕೆಂಪು-ಹಳದಿ ಶಾಲನ್ನು ಸೀಟಿನ ಮೇಲೆ ಹಾಸಿ, ಅಕ್ಕ ಕಟ್ಟಿಕೊಟ್ಟ ದೀಪಾವಳಿಯ ಚಕ್ಕುಲಿ ಬಿಚ್ಚಿದೆವು. ಶಾಲು ನೋಡಿ ಮೇಲಿನ ಸಾಲಿನಿಂದ ಬೆಂಗಳೂರಿನ ಇಬ್ಬರು ಇಳಿದು ಬಂದರು. ಕೆಳಗೆ ಮಾರ್ಷಲ್‌ಗಳು 15ನೇ ತಿರುವಿನ ಜಲ್ಲಿ ಗುಡಿಸುತ್ತಿದ್ದರು. ಡಬ್ಬಿ ಖಾಲಿಯಾಗುವ ಹೊತ್ತಿಗೆ ಬಸ್ಸಿನ ಸಾಲಿನಲ್ಲಿ ಹತ್ತು ಜನ ಉಳಿದಿದ್ದರು.